151 ವರ್ಷಗಳ ಬಳಿಕ ಬಂದ ಪದಕ

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದಲ್ಲಿ ಮಡಿದ ಫಿರಂಗಿ ದಳದ ಅಧಿಕಾರಿಯೊಬ್ಬರಿಗೆ 2014ರಲ್ಲಿ ಆ ದೇಶದ ಅತ್ಯುನ್ನತ ಶೌರ್ಯ ಪದಕ ಕೊಟ್ಟರೆಂದು ಓದಿದೆ. ಅವರು ಯಾರು? ಇಷ್ಟು ತಡವಾದದ್ದೇಕೆ?
— ಓದುಗರೊಬ್ಬರು, ಹಾಸನ

ಉತ್ತರ: ತಾವು ಓದಿದ್ದು ಲೆಫ್ಟಿನೆಂಟ್ ಅಲಾಂಜೊ ಕುಶಿಂಗ್ ಅವರ ವಿಷಯ. 1841ರಲ್ಲಿ ವಿಸ್ಕಾನ್ಸಿನ್‌ನ ಡೆಲಾಫೀಲ್ಡ್‌ನಲ್ಲಿ ಹುಟ್ಟಿ, ಯುದ್ಧ ಶುರುವಾದ 1861ರಲ್ಲೇ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಓದು ಮುಗಿಸಿದ ಅವರು, ಗೆಟ್ಟಿಸ್‌ಬರ್ಗ್ ಕದನದ ಹೊತ್ತಿಗೆ ಉತ್ತರದವರ ಸೇನೆಯಲ್ಲಿ ಆರು ತೋಪುಗಳ ಬ್ಯಾಟರಿಯೊಂದನ್ನು, ಅಂದರೆ ಫಿರಂಗಿ ತುಕಡಿಯೊಂದನ್ನು, ನಡೆಸುತ್ತಿದ್ದರು. ಆಗ ಅವರ ವಯಸ್ಸು ಇಪ್ಪತ್ತೆರಡು.

1863ರ ಜುಲೈ 3ರ ಮಧ್ಯಾಹ್ನ ದಕ್ಷಿಣದವರ ಫಿರಂಗಿಗಳು ಸೆಮೆಟರಿ ರಿಡ್ಜ್ ದಿಬ್ಬದ ಮೇಲೆ ಎಡೆಬಿಡದೆ ಗುಂಡು ಸುರಿಸಿದಾಗ ಕುಶಿಂಗ್ ಅವರ ಭುಜಕ್ಕೂ ಕಿಬ್ಬೊಟ್ಟೆಗೂ ತೀವ್ರ ಗಾಯಗಳಾದವು. ಆದರೂ ಹಿಂದಕ್ಕೆ ಹೋಗಲು ಒಪ್ಪದೆ, ಕೆಲಸಕ್ಕೆ ಬರುವಂತಿದ್ದ ತೋಪುಗಳನ್ನು ಕಲ್ಲಿನ ಗೋಡೆಯ ಬಳಿಗೆ ತಳ್ಳಿಸಿದರು. ಕೂಗಿ ಹೇಳುವ ತ್ರಾಣವೂ ಉಳಿಯದಾದಾಗ ಕುಶಿಂಗ್ ಅವರನ್ನು ಸಾರ್ಜೆಂಟ್ ಫ್ರೆಡರಿಕ್ ಫ್ಯೂಗರ್ ಹಿಡಿದು ನಿಲ್ಲಿಸಿಕೊಂಡು, ಅವರ ಆಜ್ಞೆಗಳನ್ನು ಸಿಪಾಯಿಗಳಿಗೆ ಮುಟ್ಟಿಸಿದರು. ಕುಶಿಂಗ್ ಹೆಸರೆತ್ತಿದಲ್ಲೆಲ್ಲ ಫ್ಯೂಗರ್ ಹೆಸರನ್ನೂ ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಒಂದು ಸಂಗತಿಯನ್ನು ಮಾತ್ರ ಬಿಡಿಸಿ ಹೇಳಬೇಕು. ಆ ತೋಪುಗಳಿಗೆ ಬಾಯಿಯ ಕಡೆಯಿಂದ ಮದ್ದು ತುಂಬುವಾಗ, ಹಿಂಬದಿಯಲ್ಲಿ ಕಿಡಿ ಮುಟ್ಟಿಸುವ ಸಣ್ಣ ತೂತನ್ನು ಒಬ್ಬರು ಹೆಬ್ಬೆರಳಿನಿಂದ ಒತ್ತಿ ಮುಚ್ಚಿರಬೇಕಾಗಿತ್ತು. ಗಾಳಿ ಒಳಹೊಕ್ಕರೆ ಹಿಂದಿನ ಹೊಡೆತದ ಕೆಂಡ ಹೊತ್ತಿಕೊಂಡು, ಹೊಸ ಮದ್ದು ತುಂಬುವವನ ಎದುರೇ ಸಿಡಿಯುವ ಭಯವಿತ್ತು. ಬೆರಳು ಸುಡದಿರಲೆಂದು ಚರ್ಮದ ಕವಚ ಹಾಕಿಕೊಳ್ಳುತ್ತಿದ್ದರು. ಅದಿಲ್ಲದ ಆ ಗಳಿಗೆಯಲ್ಲಿ ಕುಶಿಂಗ್ ಕಾದ ಲೋಹದ ಮೇಲೆ ಬರಿಯ ಹೆಬ್ಬೆರಳನ್ನೇ ಒತ್ತಿ ಹಿಡಿದರು. ಅದು ಎಲುಬು ಕಾಣುವಷ್ಟು ಸುಟ್ಟಿತೆಂದು ಹೇಳಲಾಗುತ್ತದೆ. ಪಿಕೆಟ್‌ನ ದಾಳಿ ಎಂದು ಹೆಸರಾದ ದಕ್ಷಿಣದವರ ಮುನ್ನುಗ್ಗುವಿಕೆ ಗೋಡೆಯನ್ನು ಸಮೀಪಿಸುತ್ತಿದ್ದಾಗ ಬಾಯಿಗೆ ಗುಂಡು ತಗುಲಿ ಅವರು ಅಲ್ಲೇ ಮಡಿದರು.

ಇನ್ನು ತಡದ ಕಾರಣ. ಸತ್ತವರಿಗೆ ಆ ಪದಕವನ್ನು ಕೊಡುವುದು ಆಗಿನ ವಾಡಿಕೆಯಾಗಿರಲಿಲ್ಲ. ಬದುಕುಳಿದ ಫ್ಯೂಗರ್ ಅವರಿಗೆ 1897ರಲ್ಲಿ ಅದು ದೊರೆಯಿತು. ಕುಶಿಂಗ್ ಕಡತದಾಚೆಯೇ ಉಳಿದರು. 1980ರ ದಶಕದಲ್ಲಿ ಡೆಲಾಫೀಲ್ಡ್‌ನ ಮಹಿಳೆಯೊಬ್ಬರು ಈ ಬಗ್ಗೆ ಪತ್ರ ಬರೆಯತೊಡಗಿ, ದಶಕಗಳ ಕಾಲ ಬಿಡದೆ ಬೆನ್ನುಹತ್ತಿದರು. ಶಿಫಾರಸಿಗಿದ್ದ ಕಾಲಮಿತಿಯನ್ನು ಸಂಸತ್ತು ಸಡಿಲಿಸಿದ ಮೇಲೆ, 2014ರ ನವೆಂಬರ್ 6ರಂದು ಅಧ್ಯಕ್ಷ ಬರಾಕ್ ಒಬಾಮ ಆ ಪದಕವನ್ನು ಕುಶಿಂಗ್ ಅವರ ದೂರದ ಸಂಬಂಧಿಯೊಬ್ಬರ ಕೈಗಿತ್ತರು.