ಅಕ್ಟೋಬರ್ ಬಂದರೆ ದುಡ್ಡಿನದೇ ಆಟವೇ?

ಅಮೆರಿಕದ ಮಿಲ್ವಾಕಿಯಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

2025ರಲ್ಲಿ ನಿಮ್ಮೂರಿನ ಬೇಸ್‌ಬಾಲ್ ತಂಡ ಬ್ರೂವರ್ಸ್ 97 ಪಂದ್ಯ ಗೆದ್ದು ಇಡೀ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲೇ ಮೊದಲ ಸ್ಥಾನದಲ್ಲಿತ್ತು. ದುಡ್ಡು ಸುರಿಯುವ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡವನ್ನು ಆರಕ್ಕೆ ಆರೂ ಸಲ ಸೋಲಿಸಿತ್ತು. ಆದರೆ ಅಕ್ಟೋಬರ್‌ನ ಪ್ಲೇಆಫ್‌ನಲ್ಲಿ ಅದೇ ಡಾಡ್ಜರ್ಸ್ ಎದುರು 4-0ಯಿಂದ ಸೋತಿತು. 'ದುಡ್ಡು ಸುರಿದವರೇ ಗೆಲ್ಲೋದಾದರೆ ನಾವು ಯಾಕೆ ನೋಡಬೇಕು?' ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಆ ನಾಲ್ಕೂ ಪಂದ್ಯಗಳಲ್ಲಿ ಬ್ರೂವರ್ಸ್‌ಗೆ ಸಿಕ್ಕಿದ್ದು ತಲಾ ಒಂದೇ ರನ್. ಎದುರಿಗೆ ಪಿಚ್ ಮಾಡಿದವರು, ಅಂದರೆ ಚೆಂಡು ಎಸೆದವರು, ಡಾಡ್ಜರ್ಸ್‌ನ ಸ್ನೆಲ್, ಯಮಾಮೊಟೊ, ಗ್ಲಾಸ್ನೋ, ಓಟಾನಿ. ಈ ನಾಲ್ವರ ಒಪ್ಪಂದಗಳನ್ನು ಕೂಡಿದರೆ 130 ಕೋಟಿ ಡಾಲರ್ ದಾಟುತ್ತದೆ. ಕೊನೆಯ ಪಂದ್ಯದಲ್ಲಂತೂ ಓಟಾನಿ ಒಂದೂ ರನ್ ಬಿಟ್ಟುಕೊಡದೆ 10 ಮಂದಿಯನ್ನು ಸ್ಟ್ರೈಕ್‌ಔಟ್ (ಚೆಂಡು ಎಸೆದೇ ಔಟ್) ಮಾಡಿದರು, ತಾವೇ ಮೂರು ಹೋಮ್ ರನ್ (ಸಿಕ್ಸರ್‌ನಂಥ ಹೊಡೆತ) ಬಾರಿಸಿದರು. 162 ಪಂದ್ಯಗಳ ಸೀಸನ್‌ಗೆ ತುಂಬಾ ಪಿಚರ್‌ಗಳು ಬೇಕು. ಪ್ಲೇಆಫ್‌ನಲ್ಲಿ ನಡುನಡುವೆ ಬಿಡುವು ಇರುತ್ತದೆ, ಹಾಗಾಗಿ ಒಳ್ಳೆಯವರು ನಾಲ್ವರಿದ್ದರೆ ಸಾಕು. ದುಡ್ಡಿನ ಬಲ ಆಗಲೇ ಜಾಸ್ತಿ ಕಾಣುವುದು.

ಹಾಗಂತ ಖರ್ಚು ಮಾಡಿದವರೆಲ್ಲ ಗೆಲ್ಲುವುದಿಲ್ಲ. ಬ್ಯಾಟರ್ ಹ್ವಾನ್ ಸೋಟೊಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಡಲು ಒಪ್ಪಿದ ನ್ಯೂಯಾರ್ಕ್‌ನ ಮೆಟ್ಸ್, 2025ರ ಸೀಸನ್‌ನ ಕೊನೆಯ ದಿನ ಪ್ಲೇಆಫ್‌ನಿಂದಲೇ ಹೊರಬಿತ್ತು. ಅಷ್ಟೇ ಪಂದ್ಯ ಗೆದ್ದಿದ್ದ, ಕಡಿಮೆ ಖರ್ಚಿನ ಸಿನ್ಸಿನಾಟಿ ತಂಡ ಒಳಗೆ ಹೋಯಿತು.

ಓಟಾನಿ ಮೇಲೆ ಮಾತ್ರ ಸಿಟ್ಟಾಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅವರ 70 ಕೋಟಿ ಡಾಲರ್‌ನಲ್ಲಿ 68 ಕೋಟಿ ಕೈಗೆ ಬರುವುದು 2034ರಿಂದ ಮುಂದೆ. ಅದಕ್ಕೆ ಅವಕಾಶ ಕೊಟ್ಟದ್ದು ನಿಯಮ. ನಮ್ಮ ಐಪಿಎಲ್‌ನಲ್ಲಿ 2025ರ ಹರಾಜಿಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿಯ ಮಿತಿ ಇತ್ತು. ಬೇಸ್‌ಬಾಲ್‌ನಲ್ಲಿ ಅಂಥ ಮೇಲ್ಮಿತಿ ಇಲ್ಲ. 2025ರಲ್ಲಿ ಆಟಗಾರರ ಸಂಬಳದ ಮೊತ್ತ 24.1 ಕೋಟಿ ಡಾಲರ್ ದಾಟಿದ ತಂಡದವರು ತೆರಿಗೆ ಕಟ್ಟಿ ಮುಂದೆ ಹೋದರು, ಅಷ್ಟೆ. ಪ್ರತಿ ತಂಡವೂ ಸಂಬಳಕ್ಕೆ ಕನಿಷ್ಠ ಇಷ್ಟು ಖರ್ಚು ಮಾಡಲೇಬೇಕು ಎಂಬ ಕೆಳಮಿತಿಯೂ ಇಲ್ಲ. ನನಗೆ ಜಾಸ್ತಿ ನೋವಾಗುವುದು ಇದಕ್ಕೇ. ದೊಡ್ಡ ತಂಡಗಳಿಂದ ಆದಾಯದ ಪಾಲು ಪಡೆಯುವ ಮಾಲೀಕರು ಅದನ್ನೆಲ್ಲ ಆಟಗಾರರ ಸಂಬಳಕ್ಕೇ ಕೊಡಬೇಕು ಎಂಬ ಕಟ್ಟುಪಾಡಿಲ್ಲ. ಅಂಥ ಊರಿನ ಅಭಿಮಾನಿಯೂ ಟಿಕೆಟ್‌ಗೆ ದುಡ್ಡು ಕೊಟ್ಟೇ ಒಳಗೆ ಬರುತ್ತಾನೆ ಅಲ್ವಾ?

ಮಾಲೀಕರು ಮತ್ತು ಆಟಗಾರರ ಈಗಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಮೇಲ್ಮಿತಿ ಎಂದರೆ ಆಟಗಾರರ ಸಂಘಕ್ಕೆ ಆಗುವುದಿಲ್ಲ. 1994ರಲ್ಲಿ ಇದೇ ಜಗಳಕ್ಕೆ ಮುಷ್ಕರವಾಗಿ, ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸೇ ರದ್ದಾಯಿತು. ಮೇಲ್ಮಿತಿ ಕೇಳುವ ಮಾಲೀಕರು ಮೊದಲು ಕೆಳಮಿತಿಗೆ ಸಹಿ ಹಾಕಲಿ ಎಂಬುದು ನನ್ನ ಅಭಿಪ್ರಾಯ. ನೀವು ಏನನ್ನುತ್ತೀರಿ, ಬರೆಯಿರಿ.

– ಸಂಪಾದಕ