ಗದ್ದೆಯ ಪಾಚಿ ಕೀಳಬೇಕಾ?

ಪ್ರಶ್ನೆ: ಕೆರೆ ಕೆಳಗಿನ ನಮ್ಮ ಗದ್ದೆಯಲ್ಲಿ ನೀಲಿ-ಹಸಿರು ಪಾಚಿ ಕಟ್ಟಿದೆ. ಅದೇ ಗೊಬ್ಬರ ಅನ್ನುತ್ತಾರೆ, ನಿಜಾನಾ ಸಾರ್? ಬಾಟಲಿಯಲ್ಲಿ ಕಳಿಸಿದ್ದೇನೆ.
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ನಿಜ, ಆದರೆ ಎಲ್ಲಾ ಪಾಚಿಯೂ ಅಲ್ಲ. ನಿಮ್ಮ ಬಾಟಲಿಯ ಒಂದು ತೊಟ್ಟನ್ನು ಮೈಕ್ರೋಸ್ಕೋಪಿನಡಿ ಇಟ್ಟೆ. ಮಣಿಸರದಂಥ ಎಳೆಗಳು; ಒಂದೊಂದು ಮಣಿಯೂ ಒಂದು ಜೀವಕೋಶ. ಹತ್ತು-ಹನ್ನೆರಡು ಮಣಿಗೊಂದು ದಪ್ಪ, ಮಾಸಲು ಮಣಿ. ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುವುದು ಅದೇ. ಆ ಕೆಲಸದ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ; ಅದಕ್ಕೇ ದಪ್ಪ ಗೋಡೆ.

ಇನ್ನೊಂದು ಮಜಾ ಕೇಳಿ. ಇದರ ನೆಂಟ, ಅನಾಬೀನಾ 7120 ಎಂಬ ಪಾಚಿ ತಳಿಯಲ್ಲಿ ಆ ಕಿಣ್ವದ ಒಂದು ಜೀನಿನ ನಡುವೆ ಸುಮಾರು 11 ಸಾವಿರ ಅಕ್ಷರದ ಡಿಎನ್‌ಎ ತುಂಡು ಸಿಕ್ಕಿಕೊಂಡಿದೆ. ಮಣಿ ದಪ್ಪಗಾಗುವಾಗ ಅದನ್ನು ಕತ್ತರಿಸಿ ತೆಗೆದು, ಜೀನನ್ನು ಮತ್ತೆ ಜೋಡಿಸುತ್ತದೆ. ಥೇಟ್ ದರ್ಜಿ ಕೆಲಸ, ಅಲ್ವಾ?

ಯೂರಿಯಾ ಜಾಸ್ತಿ ಸುರಿದರೆ ಮಾತ್ರ ಈ ದಪ್ಪ ಮಣಿಗಳು ಹುಟ್ಟುವುದೇ ಇಲ್ಲ. ಪಾಚಿ ಎಳೆಗಳು ಆ ಯೂರಿಯಾವನ್ನೇ ಸುಮ್ನೆ ಕೂತು ತಿನ್ನುತ್ತವೆ.