ಚರ್ಚಿನ ಕಲ್ಲಿನಲ್ಲಿ ಗಂಡನ ಹೆಸರಷ್ಟೇ ಇದೆ, ಆಕೆಯ ತವರುಮನೆ ಹುಡುಕುವುದು ಹೇಗೆ?

ನೀವಿರುವ ಸಫೋಕ್‌ನ ಹಳ್ಳಿಯ ಚರ್ಚಿನಲ್ಲಿ 1671ರಲ್ಲಿ ತೀರಿಕೊಂಡ ಒಬ್ಬ ಜಮೀನ್ದಾರಿ ವಿಧವೆಯ ಕಲ್ಲಿದೆ, ಅದರಲ್ಲಿ ಇಂಥವರ ಹೆಂಡತಿ ಅಂತ ಮಾತ್ರ ಇದೆ, ಅಪ್ಪ ಅಮ್ಮ ಯಾರು ಅಂತ ಎಲ್ಲೂ ಸಿಗ್ತಿಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಇಂಗ್ಲೆಂಡಿನಲ್ಲಿದ್ದಷ್ಟು ವರ್ಷ ರಜಾ ದಿನಗಳಲ್ಲಿ ಇದೇ ಕೆಲಸ ಮಾಡಿದವಳು. ನನ್ನ ಉತ್ತರ ಇಷ್ಟೇ: ಮೊದಲು ಉಯಿಲು ಹುಡುಕಿ. ಗಂಡನದಲ್ಲ, ಆಕೆಯದು.

ಆಗಿನ ಕಾನೂನಿನಲ್ಲಿ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಉಯಿಲು ಬರೆಯುವ ಹಾಗಿರಲಿಲ್ಲ. ಮದುವೆಯಾದ ಹೆಂಗಸರ ಆಸ್ತಿಯ ಬಗ್ಗೆ 1882ರ ಕಾಯಿದೆ ಬಂದ ಮೇಲೆಯೇ ಇದು ಪೂರ್ತಿ ಬದಲಾಗಿದ್ದು. ವಿಧವೆಗೆ ಮಾತ್ರ ಆ ತಡೆ ಇರಲಿಲ್ಲ. ಹಾಗಾಗಿ ಎಷ್ಟೋ ಹೆಂಗಸರು ತಮ್ಮ ಬಾಯಲ್ಲಿ ತಮ್ಮ ಕಡೆಯವರ ಹೆಸರು ಹೇಳಿರುವುದು ಆ ಒಂದೇ ಕಾಗದದಲ್ಲಿ.

ಇದು ನನಗೆ ಮನಸ್ಸಿಗೆ ನಾಟಿದ್ದು ನಾರ್ಫೋಕ್‌ನ ಮಾರ್ಗರೆಟ್ ಪ್ಯಾಸ್ಟನ್‌ಳ ಉಯಿಲು ಓದಿದಾಗ. ನಿಮ್ಮ ಕಲ್ಲಿಗಿಂತ ಸುಮಾರು ಇನ್ನೂರು ವರ್ಷ ಹಳೆಯದು. ಗಂಡ ಜಾನ್ 1466ರಲ್ಲಿ ತೀರಿಕೊಂಡ, ಅವನನ್ನು ಬ್ರೋಮ್‌ಹೋಮ್ ಮಠದಲ್ಲಿ ಮಣ್ಣು ಮಾಡಿದ್ದರು. 1482ರಲ್ಲಿ ಉಯಿಲು ಬರೆಸುವಾಗ ಆಕೆ ಕೇಳಿದ್ದು ಗಂಡನ ಪಕ್ಕದ ಜಾಗವನ್ನಲ್ಲ. ತವರೂರು ಮಾಟ್ಬಿಯ ಚರ್ಚಿನಲ್ಲಿ, ತನ್ನ ಹಿರಿಯರ ಹತ್ತಿರ ನನ್ನನ್ನು ಇಡಿ ಅಂದಳು. ಕಲ್ಲು ಹೇಗಿರಬೇಕು ಅಂತಲೂ ಬರೆಸಿದಳು. ನಾಲ್ಕು ಮೂಲೆಗೆ ನಾಲ್ಕು ಲಾಂಛನ, ಅಂದರೆ ಮನೆತನದ ಗುರುತಿನ ಚಿತ್ರ. ಒಂದರಲ್ಲಿ ಗಂಡನ ಮನೆಯದೂ ತನ್ನದೂ ಅರ್ಧರ್ಧ. ಉಳಿದ ಮೂರರಲ್ಲೂ ಒಂದರ್ಧ ಮಾಟ್ಬಿ ಮನೆತನದ್ದು, ಇನ್ನರ್ಧ ಬೇರೆ ಬೇರೆ ಮನೆತನದ್ದು. ಅದರಲ್ಲಿ ರೀಡಂನ ಬರ್ನಿಗಳು ಆಕೆಯ ಅಮ್ಮನ ಕಡೆಯವರು. ಕಲ್ಲಿನ ನಟ್ಟನಡುವೆ ಬರೀ ಮಾಟ್ಬಿ ಲಾಂಛನ, ಅದರ ಕೆಳಗೆ 'ದೇವರಲ್ಲೇ ನನ್ನ ನಂಬಿಕೆ' ಅನ್ನುವ ಮಾತು. ಅಪ್ಪನ ಮನೆ ನಡುವೆ, ಗಂಡನ ಮನೆ ಒಂದು ಮೂಲೆಯಲ್ಲಿ! ಓದಿದ ದಿನ ನನಗೆ ನಮ್ಮಜ್ಜಿ ನೆನಪಾದರು. ಕೊನೆಗಾಲದಲ್ಲಿ ಅವರ ಬಾಯಲ್ಲಿ ಬರುತ್ತಿದ್ದುದೆಲ್ಲ ತವರಿನ ಹಿತ್ತಲು, ತವರಿನ ಬಾವಿ.

ಈಗ ನಿಮ್ಮ ಕಲ್ಲಿಗೆ ಬರೋಣ. ಆಸ್ತಿವಂತರ ಉಯಿಲುಗಳು ಹೆಚ್ಚಾಗಿ ಕ್ಯಾಂಟರ್ಬರಿ ಆರ್ಚ್‌ಬಿಷಪ್‌ರ ಕೋರ್ಟಿಗೆ ಹೋಗುತ್ತಿದ್ದವು. 1384ರಿಂದ 1858ರ ತನಕದವು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, 'ಪ್ರಾಬ್ 11' ಅನ್ನುವ ಸಾಲಿನಲ್ಲಿ. ಮನೆಯಲ್ಲೇ ಕೂತು ಹೆಸರು ಹಾಕಿ ಹುಡುಕಬಹುದು. ಅಲ್ಲಿ ಸಿಗದಿದ್ದರೆ ನಾರ್ವಿಚ್ ಬಿಷಪ್‌ರ ಕೋರ್ಟಿನ ಉಯಿಲುಗಳನ್ನು ನೋಡಿ.

ಉಯಿಲು ಸಿಕ್ಕಿದಾಗ ಆತುರ ಬೇಡ. ಆ ಕಾಲದಲ್ಲಿ ನೆಂಟಸ್ತಿಕೆಯ ಪದಗಳ ಅರ್ಥವೇ ಬೇರೆ. 'ಬ್ರದರ್' ಅಂದರೆ ಗಂಡನ ತಮ್ಮನೂ ಆಗಬಹುದು, ತಂಗಿಯ ಗಂಡನೂ ಆಗಬಹುದು. 'ಕಸಿನ್' ಅಂದರೆ ಯಾವ ನೆಂಟನೂ ಆದೀತು. ಒಂದು ಉಯಿಲಿನಲ್ಲಿ 'ಡಾಟರ್ ಇನ್ ಲಾ'ಗೆ ಬೆಳ್ಳಿ ಬಟ್ಟಲು ಕೊಟ್ಟಿದ್ದನ್ನು ನೋಡಿ, ಸೊಸೆ ಅಂತ ತಿಳಿದು, ಇಲ್ಲದ ಮಗನನ್ನು ನಾನು ತಿಂಗಳುಗಟ್ಟಲೆ ಹುಡುಕಿದೆ. ಆಕೆ ಮಲಮಗಳು. ಆಗ ಆ ಪದಕ್ಕೆ ಆ ಅರ್ಥವೂ ಇತ್ತು. ಉಯಿಲು ಜಾರಿ ಮಾಡಲು ಯಾರನ್ನು ನೇಮಿಸಿದ್ದಾಳೆ ಅನ್ನುವುದನ್ನು ತಪ್ಪದೆ ಗುರುತು ಹಾಕಿಕೊಳ್ಳಿ. ಗಂಡನ ಮನೆಯವರಲ್ಲದ ಹೆಸರು ಅಲ್ಲಿದ್ದರೆ ಅದು ತವರಿನ ಕಡೆಯದಿರಬಹುದು.

ಇನ್ನೊಂದು ದಾರಿ, ಲಂಡನ್ನಿನಿಂದ ಬರುತ್ತಿದ್ದ ಲಾಂಛನ ಅಧಿಕಾರಿಗಳ ದಾಖಲೆ. 1530ರಿಂದ 1688ರ ತನಕ ಅವರು ಜಿಲ್ಲೆ ಜಿಲ್ಲೆ ಸುತ್ತಿ, ಲಾಂಛನ ಇಟ್ಟುಕೊಳ್ಳುವ ಹಕ್ಕು ಯಾರಿಗಿದೆ ಅಂತ ವಿಚಾರಿಸಿ ವಂಶಾವಳಿ ಬರೆದುಕೊಳ್ಳುತ್ತಿದ್ದರು. ಸಫೋಕ್‌ಗೆ ಕೊನೆಯದಾಗಿ ಬಂದಿದ್ದು 1660ರ ದಶಕದಲ್ಲಿ, ಅಂದರೆ ನಿಮ್ಮ ಹೆಂಗಸು ಬದುಕಿದ್ದಾಗಲೇ. ಸೊಸೆಯಂದಿರ ಹೆಸರಿನ ಮುಂದೆ ಇಂಥ ಊರಿನ ಇಂಥವರ ಮಗಳು ಅಂತ ಎಷ್ಟೋ ಕಡೆ ಇರುತ್ತದೆ. ಹಳೆಯ ತಲೆಮಾರುಗಳ ವಿಷಯದಲ್ಲಿ ಮನೆಯವರು ಹೇಳಿದ್ದನ್ನೇ ಬರೆದಿರುವುದು ಜಾಸ್ತಿ, ಅದನ್ನು ಸುಮ್ನೆ ನಂಬಬೇಡಿ.

ಮದುವೆಯ ದಾಖಲೆಯಲ್ಲಿ ಒಂದು ಮೋಸವಿದೆ. ಆಕೆಗೆ ಅದು ಎರಡನೇ ಮದುವೆಯಾಗಿದ್ದರೆ ಅಲ್ಲಿರುವುದು ಮೊದಲ ಗಂಡನ ಮನೆತನದ ಹೆಸರು, ತವರಿನದಲ್ಲ. ಹಾಗೆಯೇ, 'ಮಿಸೆಸ್' ಅಂತ ಇದ್ದ ಮಾತ್ರಕ್ಕೆ ಮದುವೆಯಾಗಿತ್ತು ಅಂತಲ್ಲ. ದೊಡ್ಡ ಮನೆಯ ಮದುವೆಯಾಗದ ಹೆಣ್ಣುಮಕ್ಕಳಿಗೂ ಹಾಗೇ ಬರೆಯುತ್ತಿದ್ದರು. ತಾರೀಖಿನ ಬಗ್ಗೆಯೂ ಹುಷಾರು. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಕಲ್ಲಿನಲ್ಲಿ ಫೆಬ್ರವರಿ 1671 ಅಂತಿದ್ದರೆ ನಮ್ಮ ಲೆಕ್ಕದಲ್ಲಿ ಅದು 1672.

ಒಂದು ವಿಷಯ ನೀವು ಹೇಳಿಲ್ಲ. ಕಲ್ಲಿನ ಮೇಲೆ ಲಾಂಛನ ಇದೆಯಾ? ವಿಧವೆಯದಾದರೆ ಅದು ಸಾಮಾನ್ಯವಾಗಿ ಗುರಾಣಿಯ ಆಕಾರದಲ್ಲಿ ಇರುವುದಿಲ್ಲ, ಇಸ್ಪೀಟಿನ ಡೈಮಂಡ್ ಎಲೆಯ ಆಕಾರದಲ್ಲಿರುತ್ತದೆ. ನಡುವೆ ಉದ್ದಕ್ಕೆ ಸೀಳಿದ್ದರೆ, ನಿಮ್ಮ ಎಡಗೈ ಕಡೆಯ ಅರ್ಧ ಗಂಡನದು, ಬಲಗೈ ಕಡೆಯ ಅರ್ಧ ಆಕೆಯ ಅಪ್ಪನದು. ಸವೆದು ಹೋಗಿದ್ದರೂ ಚಿಂತೆಯಿಲ್ಲ. ಸಂಜೆ ಹೊತ್ತು ಪಕ್ಕದಿಂದ ಟಾರ್ಚ್ ಹಿಡಿದರೆ ಗೆರೆಗಳು ಏಳುತ್ತವೆ. ಆ ಬಲಭಾಗದ ಫೋಟೊ ತೆಗೆದು ಇಲ್ಲಿ ಹಾಕಿ, ಯಾರ ಮನೆತನದ್ದು ಅಂತ ಇಬ್ಬರೂ ಸೇರಿ ಹುಡುಕೋಣ.